ದುಬಾರಿ ಕೇಬಲ್ ಹಾಕಿದರೆ ಸ್ಟೀರಿಯೊ ಚೆನ್ನಾಗಿ ಕೇಳಿಸುತ್ತದೆಯೇ?

ಸ್ಟೀರಿಯೊಗೆ ಬೆಳ್ಳಿಯ ಕೇಬಲ್ ಹಾಕಿದರೆ ಹಾಡು ಬೇರೆಯದೇ ಆಗಿ ಕೇಳಿಸುತ್ತದೆ ಎಂಬ ಮಾತು ಅಂಗಡಿಗಳಲ್ಲೂ ಫಾರ್ವರ್ಡ್‌ಗಳಲ್ಲೂ ಸಿಗುತ್ತದೆ. ಇದರಲ್ಲಿ ನಿಜವೆಷ್ಟು?

ಆಂಪ್ಲಿಫೈಯರ್‌ನಿಂದ ಸ್ಪೀಕರ್‌ಗೆ ಹೋಗುವ ತಂತಿಯಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಅದರ ರೋಧವನ್ನು. ತಂತಿ ಉದ್ದವಾದಷ್ಟೂ ರೋಧ ಹೆಚ್ಚು, ದಪ್ಪವಾದಷ್ಟೂ ಕಡಿಮೆ. ಎಲೆಕ್ಟ್ರಿಕಲ್ ಅಂಗಡಿಯ 1.5 ಸ್ಕ್ವೇರ್ ಎಂಎಂ ತಾಮ್ರದ ವೈರನ್ನು 3 ಮೀಟರ್ ಎಳೆದರೆ, ಹೋಗಿ ಬರುವ ದಾರಿ ಸೇರಿ ರೋಧ ಸುಮಾರು 0.07 ಓಮ್. ಸ್ಪೀಕರ್ 8 ಓಮ್‌ನದ್ದಾದರೆ ನಷ್ಟ 0.1 ಡೆಸಿಬೆಲ್‌ಗಿಂತ ಕಡಿಮೆ. ಇದು ಕಿವಿಗೆ ಗೊತ್ತೇ ಆಗುವುದಿಲ್ಲ. ಬೆಳ್ಳಿ ತಾಮ್ರಕ್ಕಿಂತ ಉತ್ತಮ ವಾಹಕ ಹೌದು, ಆದರೆ ಸುಮಾರು ಶೇ. 6ರಷ್ಟು ಮಾತ್ರ. ಕೊಂಚ ದಪ್ಪನೆಯ ತಾಮ್ರದ ತಂತಿ ತಂದರೆ ಅಷ್ಟು ಲಾಭ ಕೆಲವೇ ರೂಪಾಯಿಗೆ ಸಿಗುತ್ತದೆ.

ಹಾಗೆಂದು ಯಾವ ತಂತಿಯಾದರೂ ನಡೆಯುವುದಿಲ್ಲ. 0.5 ಸ್ಕ್ವೇರ್ ಎಂಎಂನ ಸಪೂರ ತಂತಿಯನ್ನು 10 ಮೀಟರ್ ಎಳೆದು 4 ಓಮ್ ಸ್ಪೀಕರ್‌ಗೆ ಕೊಟ್ಟರೆ ಒಂದು ಡೆಸಿಬೆಲ್‌ಗಿಂತ ಹೆಚ್ಚು ನಷ್ಟವಾಗುತ್ತದೆ. ಎಲ್ಲ ಸ್ವರಗಳೂ ಒಂದೇ ಸಮನೆ ತಗ್ಗುವುದಿಲ್ಲವಾದ್ದರಿಂದ ಹಾಡಿನ ಹದವೇ ಬದಲಾಗಬಹುದು. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪವಿರುವ ಅಗ್ಗದ ತಂತಿಗಳೂ ಇವೆ. ಅವುಗಳ ರೋಧ ತಾಮ್ರದ ಸುಮಾರು ಒಂದೂವರೆ ಪಟ್ಟು. ಕೊಳ್ಳುವಾಗ ಕೇಳಿ ನೋಡಿ.

ಪ್ಲೇಯರ್‌ನಿಂದ ಆಂಪ್ಲಿಫೈಯರ್‌ಗೆ ಹಾಕುವ ಆರ್‌ಸಿಎ ಕೇಬಲ್‌ನದು ಬೇರೆ ಸಮಸ್ಯೆ. ಅದರ ಹೊರಕವಚ ಸರಿಯಿಲ್ಲದಿದ್ದರೆ ಮನೆಯ ಕರೆಂಟಿನ ಗುಂಯ್‌ಗುಡುವಿಕೆ ಒಳಗೆ ನುಸುಳುತ್ತದೆ. ಎಚ್‌ಡಿಎಂಐನಂಥ ಡಿಜಿಟಲ್ ಕೇಬಲ್ ಕೆಟ್ಟರೆ ಸದ್ದು ತುಂಡಾಗುತ್ತದೆ ಇಲ್ಲವೇ ನಿಂತೇ ಹೋಗುತ್ತದೆ. ಅದು ಹಾಡನ್ನು ಸ್ವಲ್ಪ ಮಂಕಾಗಿಸುವುದಂತೂ ಇಲ್ಲ.

2007ರಲ್ಲಿ ಅಮೆರಿಕದ ಜೇಮ್ಸ್ ರ್‍ಯಾಂಡಿ 7,250 ಡಾಲರ್ ಬೆಲೆಯ ಸ್ಪೀಕರ್ ಕೇಬಲ್ಲನ್ನು ಸಾಮಾನ್ಯ ಕೇಬಲ್‌ನಿಂದ ಕೇಳಿಯೇ ಗುರುತಿಸಿದವರಿಗೆ 10 ಲಕ್ಷ ಡಾಲರ್ ಕೊಡುವುದಾಗಿ ಸವಾಲು ಹಾಕಿದ್ದರು. ಆ ಪರೀಕ್ಷೆ ಕೊನೆಗೂ ನಡೆಯಲೇ ಇಲ್ಲ. ಹಾಗಾಗಿ ಅದನ್ನು ಯಾರ ಗೆಲುವೆಂದೂ ಫಾರ್ವರ್ಡ್ ಮಾಡುವಂತಿಲ್ಲ.

ಆದರೂ ಕೇಬಲ್ ಬದಲಿಸಿದ ಮೇಲೆ ಸದ್ದು ಸುಧಾರಿಸಿತು ಎನ್ನುವವರೆಲ್ಲ ಸುಳ್ಳು ಹೇಳುತ್ತಿಲ್ಲ. ದುಡ್ಡು ಕೊಟ್ಟ ಮೇಲೆ ಕಿವಿಯೂ ಹೆಚ್ಚು ಗಮನ ಕೊಡುತ್ತದೆ ಎಂಬುದು ಒಂದು ಕಾರಣ. ಇನ್ನೊಂದು, ತುಕ್ಕು ಹಿಡಿದ ಅಥವಾ ಸಡಿಲವಾಗಿದ್ದ ತುದಿಗಳು ಆಗ ಸರಿಯಾಗಿರುತ್ತವೆ. ಎರಡು ಸ್ಪೀಕರ್‌ಗಳಲ್ಲಿ ಒಂದಕ್ಕೆ ಮಾತ್ರ ಪ್ಲಸ್ ಮೈನಸ್ ತಿರುವುಮುರುವಾಗಿದ್ದರೆ ಬೇಸ್ ಸೊರಗುತ್ತದೆ, ಗಾಯಕರ ದನಿ ನಡುವಿನಿಂದ ಬರುವುದಿಲ್ಲ. ಹೊಸ ಕೇಬಲ್ ಕೊಳ್ಳುವ ಮೊದಲು ಸ್ವಿಚ್ ಆಫ್ ಮಾಡಿ, ಸ್ಪೀಕರ್‌ಗಳ ಹಿಂದಿನ ಕೆಂಪು, ಕಪ್ಪು ತುದಿಗಳನ್ನು ಒಮ್ಮೆ ನೋಡಿ.