‘ಡೋಂಟ್’ ತಪ್ಪಲ್ಲ ಮೇಷ್ಟ್ರೇ!

ಮೊನ್ನೆ ನಮ್ಮ ಬೀದಿಯ ಹುಡುಗಿಯೊಬ್ಬಳು ತನ್ನ ಇಂಗ್ಲಿಷ್ ಉತ್ತರಪತ್ರಿಕೆಯನ್ನು ಹಿಡಿದು ನನ್ನಲ್ಲಿಗೆ ಬಂದಳು. ಗೆಳತಿಗೆ ಬರೆದ ಪತ್ರದಲ್ಲಿ ಮೂರು ಕಡೆ ‘ಡೋಂಟ್’, ಎರಡು ಕಡೆ ‘ಐಮ್’. ಐದಕ್ಕೂ ಕೆಂಪು ಶಾಯಿಯ ಗೆರೆ, ಅಂಕಕ್ಕೆ ಕತ್ತರಿ. “ತಾತ, ಇದು ತಪ್ಪಾ?” ಎಂದು ಕೇಳಿದಳು. ನನಗೆ ಸಿಟ್ಟು ಬಂದಿತು. ಆ ಸಿಟ್ಟಿನಲ್ಲಿ ಅರ್ಧ ಪಾಲು ನನ್ನ ಮೇಲೆಯೇ ಎಂಬುದನ್ನು ಮುಚ್ಚಿಡಲಾರೆ. ಮೂವತ್ತು ವರ್ಷ ನಾನೂ ಅದೇ ಶಾಯಿಯಿಂದ ಅದೇ ಗೆರೆಯನ್ನು ಎಳೆದವನು.

ನಾವು ಕನ್ನಡಿಗರು ‘ಬರುವುದಿಲ್ಲ’ ಎಂಬುದನ್ನು ‘ಬರಲ್ಲ’ ಎನ್ನುತ್ತೇವೆ. ಅದನ್ನು ಯಾರೂ ವ್ಯಾಕರಣದ ಕೊಲೆ ಎನ್ನುವುದಿಲ್ಲ. ‘ಡು ನಾಟ್’ ನಾಲಿಗೆಯ ಮೇಲೆ ‘ಡೋಂಟ್’ ಆಗುವುದೂ ಇಂತಹದೇ ಸಹಜ ಕ್ರಿಯೆ. ಪದಗಳನ್ನು ಮೊಟಕುಗೊಳಿಸುವ ಈ ಚಾಳಿಯ ವಿರುದ್ಧ ಜೊನಾಥನ್ ಸ್ವಿಫ್ಟನಂತಹ ದಿಗ್ಗಜನೇ 1710ರಲ್ಲಿ ‘ಟ್ಯಾಟ್ಲರ್’ ಪತ್ರಿಕೆಯಲ್ಲಿ ಕಿಡಿಕಾರಿದ್ದನು. ಫಲವೇನು? ಮೂರು ಶತಮಾನಗಳು ಕಳೆದವು; ‘ಡೋಂಟ್’ ಗಟ್ಟಿಯಾಗಿ ಕುಳಿತಿದೆ. ‘ವಿಲ್ ನಾಟ್’ ಎಂಬುದು ‘ವಿಲಂಟ್’ ಆಗದೆ ‘ವೋಂಟ್’ ಏಕಾಯಿತು ಎಂದು ಮಕ್ಕಳು ಕೇಳುತ್ತಾರೆ. ‘ವಿಲ್’ ಕ್ರಿಯಾಪದಕ್ಕೆ ಹಿಂದೆ ‘ವೊಲ್’ ಎಂಬ ರೂಪವೂ ಇತ್ತು. ಅದರ ನೆನಪು ‘ವೋಂಟ್’ನಲ್ಲಿ ಉಳಿದಿದೆ. ಇದನ್ನು ಹೇಳಿದರೆ ತರಗತಿ ಕಿವಿ ನಿಮಿರಿಸುತ್ತದೆ. ಗೆರೆ ಎಳೆದರೆ ತಲೆ ತಗ್ಗಿಸುತ್ತದೆ.

ಹಾಗಾದರೆ ಎಲ್ಲೆಡೆಯೂ ‘ಡೋಂಟ್’ ಬರೆಯಬಹುದೇ? ಇಲ್ಲ. ಮುಖ್ಯೋಪಾಧ್ಯಾಯರಿಗೆ ಬರೆಯುವ ರಜೆ ಅರ್ಜಿಯಲ್ಲಿ ನಾವು ‘ನಾನು ಬರಲ್ಲ’ ಎಂದು ಬರೆಯುವೆವೇ? ಅಲ್ಲಿ ಪೂರ್ಣ ರೂಪ ಶೋಭಿಸುತ್ತದೆ; ಗೆಳತಿಯ ಪತ್ರದಲ್ಲಿ ಮೊಟಕು ರೂಪವೇ ಆತ್ಮೀಯ. ಇದು ಔಚಿತ್ಯದ ಪ್ರಶ್ನೆ, ತಪ್ಪು-ಸರಿಯ ಪ್ರಶ್ನೆಯಲ್ಲ. ಇವೆರಡನ್ನು ಬೇರ್ಪಡಿಸದ ಉಪಾಧ್ಯಾಯನು ಕಲಿಸುವುದು ಭಾಷೆಯನ್ನಲ್ಲ, ಭಯವನ್ನು.

ತಿದ್ದಲೇಬೇಕಾದ ತಪ್ಪುಗಳು ಬೇರೆ ಇವೆ. ‘ಇಟ್ಸ್’ ಎಂಬುದನ್ನೇ ನೋಡಿ. ಕಿವಿಗೆ ಒಂದೇ, ಬರಹದಲ್ಲಿ ಎರಡು. ನೆತ್ತಿಯಲ್ಲಿ ಲೋಪಚಿಹ್ನೆ ಇದ್ದರೆ ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’. ಇಲ್ಲದಿದ್ದರೆ ‘ಅದರ’ ಎಂದರ್ಥ. ಬಿಡಿಸಿ ಓದಿ ನೋಡಿ, ಅರ್ಥ ಕೂಡಿದರೆ ಚಿಹ್ನೆ ಬೇಕು, ಕೂಡದಿದ್ದರೆ ಬೇಡ. ಇಷ್ಟು ಹೇಳಿದರೆ ಸಾಕು. ಇಲ್ಲಿಯೂ ಗರ್ವ ಸಲ್ಲದು. ಹದಿನೆಂಟನೆಯ ಶತಮಾನದ ಇಂಗ್ಲಿಷ್ ಪುಸ್ತಕಗಳಲ್ಲಿ ‘ಅದರ’ ಎಂಬ ಅರ್ಥದಲ್ಲಿಯೂ ಚಿಹ್ನೆಯನ್ನು ಹಾಕುತ್ತಿದ್ದರು.

ಇನ್ನು ನುಡಿಗಟ್ಟುಗಳು. ಮಲೆನಾಡಿನ ಮಗುವೂ ಮಳೆಗಾಲದ ಪ್ರಬಂಧದಲ್ಲಿ ನಾಯಿ-ಬೆಕ್ಕುಗಳನ್ನು ಸುರಿಸಬೇಕು! ತಾನು ಕಂಡ ಮಳೆಯನ್ನು ಸರಳ ಇಂಗ್ಲಿಷಿನಲ್ಲಿ ಬರೆದರೆ ನಮಗೆ ರುಚಿಸದು. ಅತ್ತ ನಮ್ಮವರೇ ಕಟ್ಟಿಕೊಂಡ ‘ಪ್ರಿಪೋನ್’ ಪದವನ್ನು ಕಂಡರೆ ನಗುತ್ತೇವೆ. ಆಕ್ಸ್‌ಫರ್ಡ್ ನಿಘಂಟು ಅದಕ್ಕೆ ಜಾಗ ಕೊಟ್ಟಿದ್ದರೂ ನಮ್ಮ ಕೆಂಪು ಶಾಯಿ ಕೊಡುವುದಿಲ್ಲ.

ಈ ವಿಷಯಕ್ಕೆ ಇಷ್ಟು ಕೋಪವೇಕೆ ಎಂದು ನೀವು ಕೇಳಬಹುದು. ಕಾರಣವಿದೆ. ಬಹಳ ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಕನ್ನಡ ಮಾಧ್ಯಮದಿಂದ ಬಂದ ಹುಡುಗನೊಬ್ಬ ಎದ್ದು ನಿಂತು ‘ಐ ಡಿಡಂಟ್ ವೆಂಟ್’ ಎಂದನು. ನಾನು ಅದನ್ನು ಅಣಕಿಸಿ ಹೇಳಿದೆ, ತರಗತಿಯೇ ನಕ್ಕಿತು. ಆಮೇಲೆ ಅವನು ನನ್ನ ಪಾಠದಲ್ಲಿ ಬಾಯಿ ತೆರೆಯಲಿಲ್ಲ. ಈಚೆಗೆ ಒಂದು ಮದುವೆಮನೆಯಲ್ಲಿ ಸಿಕ್ಕನು. ಸ್ವಂತ ಅಂಗಡಿ, ಅನುಕೂಲವಾಗಿದ್ದಾನೆ. ಕಾಲು ಮುಟ್ಟಿ ನಮಸ್ಕರಿಸಿ, “ಸಾರ್, ಈಗಲೂ ಬ್ಯಾಂಕಿನಲ್ಲಿ ಯಾರಾದರೂ ಇಂಗ್ಲಿಷ್ ಮಾತಾಡಿದರೆ ಮಗನನ್ನು ಮುಂದೆ ಬಿಡ್ತೀನಿ” ಎಂದು ನಕ್ಕನು. ನನಗೆ ನಗು ಬರಲಿಲ್ಲ. ಎಲೆಯ ಮುಂದೆ ಕುಳಿತರೂ ಊಟ ಸೇರಲಿಲ್ಲ.

ಅಂದು ನಾನು ಒಂದೇ ಮಾತು ಹೇಳಿದ್ದರೆ ಸಾಕಿತ್ತು. “ನಾವು ‘ಹೋಗಲಿಲ್ಲ’ ಎನ್ನುತ್ತೇವೆ, ‘ಹೋದಲಿಲ್ಲ’ ಎನ್ನುವುದಿಲ್ಲ ತಾನೇ? ಅಲ್ಲಿಯೂ ಹಾಗೆಯೇ. ಕಾಲವನ್ನು ‘ಡಿಡ್’ ಹೊತ್ತ ಮೇಲೆ ‘ಗೋ’ ಮತ್ತೆ ಹೊರಬೇಕಾಗಿಲ್ಲ.” ಅವನ ಕನ್ನಡದಲ್ಲಿಯೇ ಉತ್ತರವಿತ್ತು. ಅವನಿಗೆ ‘ವೆಂಟ್’ ಗೊತ್ತಿತ್ತು. ಎಂದರೆ ಮುಕ್ಕಾಲು ದಾರಿ ಬಂದಿದ್ದನು. ಉಳಿದ ಕಾಲು ದಾರಿಗೆ ಕೈ ಹಿಡಿಯಬೇಕಾದ ನಾನು ಅಡ್ಡಗಾಲು ಹಾಕಿದೆ. ಬಿ.ಎಡ್. ಪದವಿ ನನಗೆ ಪಾಠಯೋಜನೆ ಬರೆಯುವುದನ್ನು ಕಲಿಸಿತ್ತು. ಇದನ್ನು ಕಲಿಯಲು ನಿವೃತ್ತಿಯವರೆಗೆ ಕಾಯಬೇಕಾಯಿತು.

ಆದ್ದರಿಂದ ಈಗ ತರಗತಿಯಲ್ಲಿರುವ ಕಿರಿಯ ಮಿತ್ರರಲ್ಲಿ ವಿನಂತಿ. ತಪ್ಪನ್ನು ತಿದ್ದಿ, ಆದರೆ ಅದು ನಿಜಕ್ಕೂ ತಪ್ಪೇ ಎಂದು ಮೊದಲು ನೋಡಿ. ತಿದ್ದುವಾಗ ಕಾರಣ ಹೇಳಿ. ನಗುವ ತರಗತಿಯನ್ನು ಗದರಿಸಿ, ತೊದಲುವ ಮಗುವನ್ನಲ್ಲ.

ಹುಡುಗಿಗೆ ನಾನು, “ತಪ್ಪಲ್ಲ ಮಗಳೇ, ಚೆನ್ನಾಗಿ ಬರೆದಿದ್ದೀಯ” ಎಂದೆ. ಅವಳ ಮೇಷ್ಟ್ರು ಇದನ್ನು ಓದಿ ಒಪ್ಪದಿದ್ದರೆ ನಮ್ಮ ಮನೆಗೆ ಬರಲಿ. ಕಾಫಿ ಕುಡಿಯುತ್ತಾ ಜಗಳವಾಡೋಣ.