ಗಾಡಿಯ ಪಟ್ಟಿ, ಹೆಗಲಿನ ಪಟ್ಟಿ

ಯುಗಾದಿ ಸಮೀಪಿಸಿತೆಂದರೆ ನಮ್ಮ ಭಾಗದ ಊರೂರುಗಳಿಂದ ಸದ್ಭಕ್ತರು ಶ್ರೀಶೈಲದ ಪಾದಯಾತ್ರೆಗೆ ಸಿದ್ಧರಾಗುತ್ತಾರೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಹದಿನೆಂಟು ಮಂದಿ ಕೂಡಿ ನಡೆಯುವ ನಮ್ಮ ತಂಡವೂ ಅಂಥದೊಂದು. ಏನೇನು ಕಟ್ಟಿಕೊಳ್ಳಬೇಕೆಂಬ ಪ್ರಶ್ನೆ ತಿಂಗಳು ಮೊದಲೇ ಮನೆಮನೆಗಳಲ್ಲಿ ಏಳುವುದರಿಂದ ಈ ಸಲ ಅದನ್ನೇ ಬರೆಯುತ್ತಿದ್ದೇನೆ.

ಮೊದಲು ನನ್ನದೊಂದು ಪ್ರಮಾದವನ್ನು ಒಪ್ಪಿಕೊಳ್ಳಬೇಕು. ಎರಡು ವರ್ಷಗಳ ಹಿಂದೆ ಸಾಮಾನುಗಳ ಉಸ್ತುವಾರಿ ನನ್ನದಾಗಿತ್ತು. ಕರ್ನೂಲು ದಾಟಿ ಆತ್ಮಕೂರಿನವರೆಗೆ ಟ್ರ್ಯಾಕ್ಟರು ಹಿಂದೆಯೇ ಬರುತ್ತದೆ. ಅಲ್ಲಿಂದ ಮುಂದೆ ಅದು ದೋರ್ನಾಲದ ಮೇಲೆ ಸುತ್ತಿ ಶ್ರೀಶೈಲ ಸೇರಬೇಕು. ನಡೆಯುವವರು ವೆಂಕಟಾಪುರದಲ್ಲಿ ನಲ್ಲಮಲ ಅರಣ್ಯವನ್ನು ಹೊಕ್ಕು ನಾಗಲೂಟಿ, ಪೆದ್ದಚೆರುವು, ಭೀಮುನಿಕೊಳಗಳನ್ನು ಹಾಯ್ದು ಕೈಲಾಸದ್ವಾರವನ್ನು ಏರಬೇಕು. ಈ ಎರಡು ದಿನ ಹೆಗಲ ಮೇಲಿರುವುದಷ್ಟೇ ನಮ್ಮದು. ಚಿಂಚೋಳಿಯ ಹಿರಿಯರೊಬ್ಬರ ರಕ್ತದೊತ್ತಡದ ಗುಳಿಗೆಗಳು ಟ್ರಂಕಿನೊಳಗೆ ಉಳಿದು ಟ್ರ್ಯಾಕ್ಟರಿನ ಜೊತೆ ಹೋಗಿಬಿಟ್ಟವು. ಪೆದ್ದಚೆರುವಿನ ರಾತ್ರಿ ಅವರಿಗೆ ಅದು ತಿಳಿದರೂ ಯಾರಿಗೂ ಹೇಳಲಿಲ್ಲ. ಮರುದಿನ ಭೀಮುನಿಕೊಳದ ಏರಿನಲ್ಲಿ ತಲೆ ಸುತ್ತಿ ಕುಳಿತುಬಿಟ್ಟರು. ಅವರ ಚೀಲವನ್ನು ನಾವು ಹಂಚಿಕೊಂಡೆವು. ಇಬ್ಬರು ತರುಣರು ತೋಳು ಕೊಟ್ಟರು. ಹತ್ತು ಹೆಜ್ಜೆಗೊಮ್ಮೆ ನಿಂತು ಸಂಜೆಗೆ ಮೇಲೆ ಸೇರಿದೆವು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ನನಗೆ ಹೆಚ್ಚು ಭಾರವಾಯಿತು.

ಆಗ ನಮ್ಮ ಹೆಗಲುಗಳ ಮೇಲೆ ಏನಿತ್ತು ಗೊತ್ತೆ? ಆರು ಡಬ್ಬಿ ಶೇಂಗಾ ಹಿಂಡಿ, ಮೂರು ಕೌದಿ, ಯಾರೂ ಹಚ್ಚದ ಒಂದು ಸ್ಟೌವು!

ಅಂದಿನಿಂದ ನಮ್ಮಲ್ಲಿ ಎರಡು ಪಟ್ಟಿಗಳಿವೆ. ಯಾವ ಮನೆಯಿಂದ ಬಂದದ್ದೆಂದು ನೋಡದೆ, ಯಾವ ದಾರಿಯಲ್ಲಿ ಹೋಗಬೇಕೆಂಬುದನ್ನು ನೋಡಿ ಸಾಮಾನು ಬೇರ್ಪಡಿಸುತ್ತೇವೆ. ಗಾಡಿಯ ಪಟ್ಟಿ ಸುಲಭ: ಬೋಗುಣಿ, ಸೌಟು, ಜೋಳದ ಹಿಟ್ಟು, ತಾಡಪತ್ರಿ, ಹಾಸಿಗೆ. ಪಾತ್ರೆಗಳನ್ನು ಶಹಾಬಾದದವರು, ಹಿಟ್ಟು-ಬೇಳೆಗಳನ್ನು ಚಿತ್ತಾಪುರದವರು ತರುತ್ತಾರೆ. ಹೀಗೆ ಊರಿಗೊಂದು ಹೊಣೆ. ಎಲ್ಲವೂ ಸೇಡಂನಲ್ಲಿ ಕೂಡುತ್ತವೆ. ವಾಡಿಯವರು ರೈಲಿನಲ್ಲಿ ಬರುವುದರಿಂದ ಅವರಿಗೆ ಭಾರದ ವಸ್ತು ಹೇಳುವುದಿಲ್ಲ.

ಹೆಗಲಿನ ಪಟ್ಟಿಯೇ ಕಠಿಣ. ಒಂದು ಲೀಟರು ನೀರು ಒಂದು ಕಿಲೋ ತೂಗುತ್ತದೆ. ತಲಾ ಮೂರು ಲೀಟರು ಹೊತ್ತರೆ ಆ ಬಿಸಿಲಿಗೆ ಉಳಿದದ್ದಕ್ಕೆ ಮೂರು ಕಿಲೋಕ್ಕಿಂತ ಹೆಚ್ಚು ಎಡೆಯಿಲ್ಲ. ಹುಲಿಗಳ ಸಂರಕ್ಷಿತ ಅರಣ್ಯ, ಕಾಲಡಿ ಒಣಗಿದ ತರಗೆಲೆ. ಅಲ್ಲಿ ಒಲೆ ಹೂಡುವ ಮಾತೇ ಬೇಡ. ಸಜ್ಜೆಯ ಕಡಕ್ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಯೊಳಗಿಟ್ಟರೆ ಪುಡಿಯಾಗದು. ಹಿಂಡಿ, ಬೆಲ್ಲ, ಅವಲಕ್ಕಿಗಳು ನಾಲ್ವರಿಗೊಂದು ಚೀಲದಂತೆ ಸಾಕು, ಬ್ಯಾಟರಿಯೂ ನಾಲ್ವರಿಗೊಂದು. ಪ್ಲಾಸ್ಟಿಕ್ ಚೀಲಗಳನ್ನು ಒಯ್ಯಲೇಬಾರದು. ತಿಂದುಳಿದುದನ್ನು ಅಲ್ಲಿ ಬಿಡಲೂಬಾರದು. ಕೌದಿಯ ಬದಲು ಒಂದು ಶಾಲು. ತಾಯಂದಿರು ಪ್ರೀತಿಯಿಂದ ತುರುಕುವ ಹೋಳಿಗೆಯ ಗಂಟನ್ನು ಬೇಡವೆನ್ನುವುದು ಕಷ್ಟ; ಅದನ್ನು ಆತ್ಮಕೂರಿನೊಳಗೆ ತಿಂದು ಮುಗಿಸುತ್ತೇವೆ.

ಹಂಚಿಕೊಳ್ಳಲಾಗದವು ಕೆಲವೇ. ಇಷ್ಟಲಿಂಗವಂತೂ ಅಂಗದ ಮೇಲೆಯೇ ಇರುತ್ತದೆ. ವಿಭೂತಿ, ಪೂಜೆಯ ವಸ್ತ್ರ, ನಿತ್ಯದ ಔಷಧಿ ಇವು ಅವರವರ ಚೀಲದಲ್ಲೇ ಇರಬೇಕು. ಪೂಜೆಯ ನೀರಿಗೆ ತಂಬಿಗೆ ಮಾತ್ರ ನಾಲ್ವರಿಗೆ ಒಂದೇ. ಆತ್ಮಕೂರಿನಲ್ಲಿ ಟ್ರ್ಯಾಕ್ಟರು ತಿರುಗುವ ಮುನ್ನ ಎಲ್ಲರೂ ಚೀಲ ಬಿಚ್ಚಿ ಕುಳಿತುಕೊಳ್ಳುತ್ತೇವೆ. ಪಟ್ಟಿಯನ್ನು ಓದುವವನೊಬ್ಬ, ಗುಳಿಗೆಗಳನ್ನು ಕಣ್ಣಿನಿಂದ ನೋಡುವವನೊಬ್ಬ. ಇದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ, ತರುಣರು ಗೊಣಗುತ್ತಾರೆ.

ಈ ವರ್ಷದ ಮೊದಲ ಸಭೆ ಸೇಡಂನಲ್ಲಿ ನಮ್ಮ ಮನೆಯಲ್ಲೇ. ಚಿಂಚೋಳಿಯ ಹಿರಿಯರೂ ಬರುತ್ತಿದ್ದಾರೆ. ಗುಳಿಗೆಗಳನ್ನು ನೋಡುವ ಕೆಲಸ ತಮಗೇ ಇರಲಿ ಎಂದು ಹೇಳಿ ಕಳುಹಿಸಿದ್ದಾರೆ.