ಟ್ಯಾಬು ಮೊದಲೋ, ಪಾಠ ಮೊದಲೋ?

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಮಕ್ಕಳಿರುವ ಮನೆಯ ಗೃಹಿಣಿಗೆ ಪುರುಸೊತ್ತೆಲ್ಲಿ? ಹಪ್ಪಳ ಸಂಡಿಗೆ ಡಬ್ಬಿ ಸೇರಿರುತ್ತವೆ, ಉಪ್ಪಿನಕಾಯಿ ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ ಆಗಿರುತ್ತದೆ. ಇನ್ನು ಸಮವಸ್ತ್ರದ ಅಂಚು ಬಿಚ್ಚಿ ಉದ್ದ ಮಾಡುವುದು, ಪುಸ್ತಕಗಳಿಗೆ ಹೊದಿಕೆ ಹಾಕುವುದು, ಫೀಸಿಗೆ ದುಡ್ಡು ಹೊಂದಿಸುವುದು... ಈ ಪಟ್ಟಿಗೆ ಈಚಿನ ವರ್ಷಗಳಲ್ಲಿ ಹೊಸದೊಂದು ಸೇರಿಕೊಂಡಿದೆ. ಅದೇ 'ಡಿಜಿಟಲ್' ಅನ್ನೋ ಬಾಬತ್ತು!

ಈ ಸಲ ಬಂದ ಪತ್ರಗಳಲ್ಲಿ ಎರಡನ್ನು ಆರಿಸಿಕೊಂಡಿದ್ದೇನೆ. ಎರಡೂ ಬೆಂಗಳೂರಿನ ಪಶ್ಚಿಮ ಭಾಗದಿಂದ ಬಂದವು. ಆದರೆ ತಿಪಟೂರು, ಗದಗ, ಶಿರಸಿಯ ಸೋದರಿಯರೇ, "ಅದು ರಾಜಧಾನಿಯ ಮಾತು, ನಮಗೇಕೆ" ಎಂದು ಪುಟ ಮಗುಚಬೇಡಿ. ಇವತ್ತು ಅಲ್ಲಿಗೆ ಬಂದದ್ದು ನಾಳೆ ನಿಮ್ಮೂರ ಶಾಲೆಗೂ ಬರುತ್ತದೆ. ಬಂದೂ ಆಗಿರಬಹುದು.

ಮೊದಲ ಪತ್ರ ಬಸವೇಶ್ವರನಗರದ ಸೋದರಿಯದು. ಯಜಮಾನರಿಗೆ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ. ಮಗಳು ಖಾಸಗಿ ಶಾಲೆಯಲ್ಲಿ ಮೂರನೇ ತರಗತಿ. ಈ ವರ್ಷದಿಂದ ಸ್ಮಾರ್ಟ್ ಕ್ಲಾಸಿನ ಶುಲ್ಕ ಬೇರೆ, ಪ್ರತಿ ಮಗುವಿಗೂ ಒಂದು ಟ್ಯಾಬು ಬೇರೆ ಎಂದು ಶಾಲೆಯಿಂದ ಚೀಟಿ ಬಂದಿದೆಯಂತೆ. "ಎರಡು ವರ್ಷದಿಂದ ಕಟ್ಟುತ್ತಿದ್ದ ಚೀಟಿ ದುಡ್ಡು ಈ ತಿಂಗಳು ಕೈಗೆ ಬರುತ್ತೆ. ಅದನ್ನ ಇದಕ್ಕೆ ಹಾಕಲೇ? ಕೇಳೋಣ ಅಂದ್ರೆ, ನಾನು ಎಸ್ಸೆಸ್ಸೆಲ್ಸಿವರೆಗೆ ಮಾತ್ರ ಓದಿದವಳು. ಮಿಸ್ ಮುಂದೆ ಬಾಯಿ ಬರಲ್ಲ" ಎಂದು ಬರೆದಿದ್ದಾರೆ.

ಎರಡನೆಯದು ಕೆಂಗೇರಿ ಕಡೆಯಿಂದ. ಈಕೆಯ ಮಗ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಓದುತ್ತಾನೆ. ದಾನಿಗಳೊಬ್ಬರು ಶಾಲೆಗೆ ದೊಡ್ಡ ಟೀವಿ ಕೊಟ್ಟರಂತೆ, ಹಾರ ಹಾಕಿ ಫೋಟೋ ತೆಗೆಸಿಕೊಂಡದ್ದೂ ಆಯಿತಂತೆ. "ಈಗ ಅದಕ್ಕೆ ಬಟ್ಟೆ ಹೊದಿಸಿ ಮುಖ್ಯೋಪಾಧ್ಯಾಯರ ಕೋಣೆಯಲ್ಲಿಟ್ಟು ಬೀಗ ಹಾಕಿದ್ದಾರೆ. ಮಕ್ಕಳಿಗೆ ದರ್ಶನವೂ ಇಲ್ಲ!" ಎಂದು ನೊಂದುಕೊಂಡಿದ್ದಾರೆ.

ಒಬ್ಬರಿಗೆ ಯಂತ್ರ ಹೆಚ್ಚಾಗಿದೆ, ಇನ್ನೊಬ್ಬರಿಗೆ ಇದ್ದೂ ಇಲ್ಲದಂತಾಗಿದೆ. ಆದರೆ ಎರಡೂ ಕಡೆ ಆಗಿರುವ ತಪ್ಪು ಒಂದೇ. ಮೊದಲು ಸಾಮಾನು ತಂದರು, ಯಾವ ಪಾಠಕ್ಕೆ, ಯಾರಿಂದ, ಎಷ್ಟು ಹೊತ್ತು ಎಂಬ ಯೋಚನೆಯನ್ನು ಆಮೇಲೆ ನೋಡೋಣ ಎಂದು ಬಿಟ್ಟರು. ಮಿಕ್ಸಿ ಬಂದ ಮೇಲೆ ನಮಗೆ ಒರಳುಕಲ್ಲಿನ ಶ್ರಮ ತಪ್ಪಿತು, ನಿಜ. ಆದರೆ ಚಟ್ನಿಗೆ ಉಪ್ಪೆಷ್ಟು, ಹುಣಿಸೆಹಣ್ಣೆಷ್ಟು ಎಂದು ಮಿಕ್ಸಿ ಹೇಳುತ್ತದೆಯೇ?

ಇದು ಹೊಸ ಕಥೆಯೇನೂ ಅಲ್ಲ. 1975ರ ಆಗಸ್ಟ್ ಒಂದರಂದು ಅಮೆರಿಕದಿಂದ ಎರವಲು ಪಡೆದ ಉಪಗ್ರಹವೊಂದರ ಮೂಲಕ ನಮ್ಮ ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೀವಿ ಬಂತು. ಆಗಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಬೆಳಗಿನ ಹೊತ್ತು ಶಾಲಾ ಮಕ್ಕಳ ಕಾರ್ಯಕ್ರಮ, ಸಂಜೆ ದೊಡ್ಡವರದು. ಎಷ್ಟೋ ಮಕ್ಕಳು ಟೀವಿ ಎಂಬುದನ್ನು ಮೊದಲು ನೋಡಿದ್ದೇ ಆಗ. ಆದರೆ ಎರವಲು ಎರವಲೇ ತಾನೇ? 1976ರ ಜುಲೈ ಕೊನೆಗೆ, ಸರಿಯಾಗಿ ಒಂದು ವರ್ಷಕ್ಕೆ, ಉಪಗ್ರಹದ ಆ ಪಾಠ ಮುಗಿಯಿತು.

ಮುಂದೆ 2004ರ ಸೆಪ್ಟೆಂಬರ್ 20ರಂದು ನಮ್ಮವರೇ ಶ್ರೀಹರಿಕೋಟದಿಂದ 'ಎಜುಸ್ಯಾಟ್' ಎಂಬ ಉಪಗ್ರಹವನ್ನು ಹಾರಿಸಿದರು. ಶಿಕ್ಷಣಕ್ಕೆಂದೇ ದೇಶ ಹಾರಿಸಿದ ಮೊದಲ ಉಪಗ್ರಹ ಅದು. ಚಾಮರಾಜನಗರ ಜಿಲ್ಲೆಯ ನೂರಾರು ಪ್ರಾಥಮಿಕ ಶಾಲೆಗಳಿಗೆ ಅದರಿಂದ ಕನ್ನಡದಲ್ಲಿ ಪಾಠ ಬಿತ್ತರಿಸುವ ಪ್ರಯೋಗ ನಡೆಯಿತು. 2010ರಲ್ಲಿ ಆ ಉಪಗ್ರಹದ ಆಯಸ್ಸೂ ತೀರಿತು. ಇದನ್ನೆಲ್ಲ ಹೀಗಳೆಯಲು ಹೇಳುತ್ತಿಲ್ಲ. ಹಳ್ಳಿಯ ಮಗುವಿಗೆ ಒಳ್ಳೆಯ ಪಾಠ ಮುಟ್ಟಲಿ ಎಂಬ ಆಸೆ ದೊಡ್ಡದೇ. ಯಂತ್ರಕ್ಕೆ ಆಯಸ್ಸಿದೆ, ಅದು ಮುಗಿದ ದಿನವೂ ಶಾಲೆಯಲ್ಲಿ ಪಾಠ ನಡೆಯಬೇಕು ಎಂಬುದು ನೆನಪಿರಲಿ, ಅಷ್ಟೆ.

ಇನ್ನು 2020ನೇ ಇಸವಿಯನ್ನು ಯಾವ ತಾಯಿ ಮರೆತಾಳು? ಶಾಲೆಗಳಿಗೆ ಬೀಗ ಬಿತ್ತು. ಎಲ್‌ಕೆಜಿ ಮಗುವೂ ಫೋನಿನ ಮುಂದೆ ಕೂರಬೇಕಾಯಿತು. ಆಗ ರಾಜ್ಯದ ಪ್ರಾಥಮಿಕ ಮತ್ತು ಪ್ರೌಢಶಿಕ್ಷಣ ಸಚಿವರಾಗಿದ್ದವರು ರಾಜಾಜಿನಗರದ ಶಾಸಕರಾದ ಎಸ್. ಸುರೇಶ್ ಕುಮಾರ್. ಚಿಕ್ಕ ಮಕ್ಕಳಿಗೆ ಆನ್‌ಲೈನ್ ತರಗತಿ ಬೇಡವೆಂದು ಸರ್ಕಾರ ಆ ವರ್ಷದ ಜೂನಿನಲ್ಲಿ ನಿರ್ಬಂಧ ಹಾಕಿತು, ಪ್ರೊ. ಎಂ.ಕೆ. ಶ್ರೀಧರ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿಯನ್ನೂ ನೇಮಿಸಿತು. ಕೆಲವು ಪೋಷಕರು "ಹಾಗಾದರೆ ನಮ್ಮ ಮಕ್ಕಳ ಓದಿನ ಗತಿಯೇನು?" ಎಂದು ಹೈಕೋರ್ಟಿಗೆ ಹೋದರು. ಜುಲೈ 8ರಂದು ಹೈಕೋರ್ಟು ಆ ನಿರ್ಬಂಧಕ್ಕೆ ತಡೆ ನೀಡಿತು. ಅದೇ ತಿಂಗಳು ಕೇಂದ್ರ ಸರ್ಕಾರ 'ಪ್ರಜ್ಞಾತಾ' ಎಂಬ ಮಾರ್ಗಸೂಚಿ ಹೊರಡಿಸಿತು. ಒಂದರಿಂದ ಎಂಟನೇ ತರಗತಿಯವರೆಗೆ ದಿನಕ್ಕೆ ಎರಡೇ ಅವಧಿ, ಒಂದೊಂದು 30ರಿಂದ 45 ನಿಮಿಷ ಮೀರಬಾರದು. ಶಾಲೆಯ ಮೆಟ್ಟಿಲು ಹತ್ತದ ಪುಟಾಣಿಗಳ ವಿಷಯದಲ್ಲಾದರೆ ತಂದೆತಾಯಿಯ ಜೊತೆ ಮಾತನಾಡಲು ಅರ್ಧ ಗಂಟೆ ಮಾತ್ರ.

ಆಗಲೇ, ಆಗಸ್ಟಿನಲ್ಲಿ, ನಮ್ಮ ರಾಜ್ಯದಲ್ಲಿ 'ವಿದ್ಯಾಗಮ' ಶುರುವಾಯಿತು. ಮೇಷ್ಟ್ರುಗಳೇ ಮಕ್ಕಳಿದ್ದಲ್ಲಿಗೆ ಹೋಗಿ ಮರದ ನೆರಳಲ್ಲಿ, ದೇವಸ್ಥಾನದ ಅಂಗಳದಲ್ಲಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೂ ಅದರಲ್ಲಿದ್ದ ಒಂದು ಜಾಣತನವನ್ನು ನಾವು ಮರೆಯಬಾರದು. ಪಾಠಕ್ಕೆ ಮುಂಚೆ ಅವರು ಮಕ್ಕಳನ್ನು ಮೂರು ಗುಂಪು ಮಾಡಿದರು. ಮನೆಯಲ್ಲಿ ಫೋನೇ ಇಲ್ಲದವರು, ಫೋನಿದ್ದು ಇಂಟರ್‌ನೆಟ್ ಇಲ್ಲದವರು, ಎರಡೂ ಇರುವವರು. ಯಾರ ಮನೆಯಲ್ಲಿ ಏನಿದೆ ಎಂದು ಮೊದಲು ಎಣಿಸಿದರು! ಹತ್ತು ಜನಕ್ಕೆ ಅಡುಗೆ ಮಾಡುವ ಹೆಣ್ಣುಮಗಳು ಮೊದಲು ಎಲೆ ಎಣಿಸುವುದಿಲ್ಲವೇ? ಹಾಗೆ.

ಈಗ ನಿಮ್ಮ ಸರದಿ. ಶಾಲೆಯಲ್ಲಿ ಪೋಷಕರ ಸಭೆ ಕರೆದಾಗ ಹಿಂದಿನ ಬೆಂಚಿನಲ್ಲಿ ಕೂತು ತಲೆಯಾಡಿಸಿ ಬರಬೇಡಿ. ಈ ಐದು ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಇದಕ್ಕೆ ಇಂಗ್ಲಿಷೂ ಬೇಡ, ಪದವಿಯೂ ಬೇಡ.

ಒಂದು: "ಇದನ್ನು ಯಾವ ಪಾಠಕ್ಕೆ ಬಳಸ್ತೀರಿ ಮಿಸ್?" ಚಂದ್ರ ಹೇಗೆ ಕ್ಷಯಿಸುತ್ತಾನೆ, ಜ್ವಾಲಾಮುಖಿ ಹೇಗೆ ಉಕ್ಕುತ್ತದೆ, ಸಮುದ್ರದ ತಳದಲ್ಲಿ ಏನಿದೆ, ಇಂಥವನ್ನು ಪರದೆಯ ಮೇಲೆ ತೋರಿಸಿದರೆ ಮಗುವಿಗೆ ನಿಜಕ್ಕೂ ಲಾಭ. ಆದರೆ ಅಕ್ಷರ ತಿದ್ದಲು ಬೆರಳಿಗೆ ಬಳಪವೇ ಬೇಕು. ಸೇರು, ಲೀಟರು, ಮೊಳ, ಮೀಟರು ತಿಳಿಯಲು ಕೈಯಲ್ಲಿ ಅಳೆದೇ ನೋಡಬೇಕು. ಪಾಠದ ಹೆಸರನ್ನೇ ಹೇಳಲಾಗದಿದ್ದರೆ ಯೋಜನೆ ಇಲ್ಲವೆಂದೇ ಅರ್ಥ. "ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯುತ್ತೆ, ಅದಕ್ಕೇ ಟ್ಯಾಬು" ಎಂದು ಹೇಳಬಹುದು. ಒಳ್ಳೆಯ ಗುರಿಯೇ. ಆದರೆ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಮ್ಮ 'ನಲಿ ಕಲಿ' ಇದೇ ಕೆಲಸವನ್ನು ಬಣ್ಣದ ಕಾರ್ಡು, ಕಲಿಕೆಯ ಏಣಿ, ಹಾಡು, ಆಟಗಳಿಂದ ಮಾಡುತ್ತಾ ಬಂದಿದೆ. ಅದಕ್ಕೆ ಚಾರ್ಜರೂ ಬೇಡ!

ಎರಡು: "ಟೀಚರಿಗೆ ಕಲಿಸಿದವರು ಯಾರು, ಕೆಟ್ಟರೆ ರಿಪೇರಿ ಯಾರದು?" ಯಂತ್ರದ ಬೆಲೆ ಮೊದಲ ವರ್ಷದ ಖರ್ಚು ಮಾತ್ರ. ಕರೆಂಟು, ಇಂಟರ್‌ನೆಟ್ಟು, ಬ್ಯಾಟರಿ, ರಿಪೇರಿ ಇವೆಲ್ಲ ವರ್ಷ ವರ್ಷವೂ ಬರುವ ಖರ್ಚು. ಸರ್ಕಾರಿ ಶಾಲೆಯಾದರೆ ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನವನ್ನು ಇಂಥ ಖರ್ಚಿಗೂ ಬಳಸಲು ಅವಕಾಶವಿದೆ. ಅದರಲ್ಲಿ ಎಷ್ಟು ಎತ್ತಿಟ್ಟಿದ್ದಾರೆಂದು ಕೇಳಿ. ಕರೆಂಟು ಹೋದ ದಿನ ಅದೇ ಪಾಠವನ್ನು ಹೇಗೆ ಮಾಡುತ್ತೀರಿ ಎಂದೂ ಕೇಳಿ.

ಮೂರು: "ದಿನಕ್ಕೆ ಎಷ್ಟು ಹೊತ್ತು?" ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆಯ ಮುಂದೆ ಕೂರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಕಡಿಮೆಯಾದಷ್ಟೂ ಒಳ್ಳೆಯದು. ಸ್ವಲ್ಪ ದೊಡ್ಡ ಮಕ್ಕಳಿಗೂ ಲೆಕ್ಕ ಹಾಕುವಾಗ ಶಾಲೆಯ ಹೊತ್ತು, ಮನೆಯ ಟೀವಿ, ಅಪ್ಪನ ಫೋನು ಮೂರನ್ನೂ ಕೂಡಿಸಬೇಕು. ಹೊರಗಿನ ಬೆಳಕಿನಲ್ಲಿ ಹೆಚ್ಚು ಆಡುವ ಮಕ್ಕಳಿಗೆ ದೂರದ್ದು ಮಸುಕಾಗುವ ದೃಷ್ಟಿದೋಷ ಕಡಿಮೆ ಎಂದು ಕಣ್ಣಿನ ವೈದ್ಯರು ಹೇಳುತ್ತಾರೆ. ಆಟದ ಪೀರಿಯಡ್ಡನ್ನು ಕಿತ್ತು ಕಂಪ್ಯೂಟರಿಗೆ ಕೊಟ್ಟರೆ ಖಂಡಿತಾ ಒಪ್ಪಬೇಡಿ.

ನಾಲ್ಕು: "ಮನೆಯಲ್ಲಿ ಫೋನಿಲ್ಲದ ಮಗು ಏನು ಮಾಡಬೇಕು?" ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಕಾಮಾಕ್ಷಿಪಾಳ್ಯದ ಒಂದು ಕೋಣೆಯ ಮನೆಯಲ್ಲಿ ಇರುವ ಒಂದೇ ಫೋನು ಬೆಳಿಗ್ಗೆ ಅಪ್ಪನ ಜೇಬಿನಲ್ಲಿ ಹೊರಟರೆ ಮತ್ತೆ ಬರುವುದು ರಾತ್ರಿಯೇ. ಮೈಸೂರು ರಸ್ತೆಯ ಗಾರ್ಮೆಂಟ್ಸಿಗೆ ಹೋಗುವ ತಾಯಿ ಮನೆ ಮುಟ್ಟುವ ಹೊತ್ತಿಗೆ ಮಗುವಿಗೆ ನಿದ್ದೆ. ಹೋಂವರ್ಕು ವಾಟ್ಸಾಪಿನಲ್ಲಿ ಮಾತ್ರ ಬಂದರೆ ಆ ಮಗು ಮಾರನೆ ದಿನ ಏನು ಹೇಳಬೇಕು? "ಮರೆತುಬಿಟ್ಟೆ ಮಿಸ್" ಅನ್ನುತ್ತೆ. ನಮ್ಮ ಮನೆಯಲ್ಲಿ ಫೋನಿಲ್ಲ ಎಂದು ಹತ್ತು ಮಕ್ಕಳ ಎದುರು ಹೇಳುವುದಕ್ಕಿಂತ ಸೋಮಾರಿ ಅನ್ನಿಸಿಕೊಳ್ಳುವುದೇ ವಾಸಿ ಅನ್ನಿಸುತ್ತದೆ ಅದಕ್ಕೆ. ಆದ್ದರಿಂದ ಮನೆಪಾಠವನ್ನು ಬೋರ್ಡಿನ ಮೇಲೆ ಬರೆಯಲೇಬೇಕು. ಯಂತ್ರದ ಕೆಲಸವೇನಿದ್ದರೂ ಶಾಲೆಯ ಹೊತ್ತಿನಲ್ಲೇ, ಶಾಲೆಯ ಯಂತ್ರದಲ್ಲೇ ಮುಗಿಯಬೇಕು. ನಿಮ್ಮ ಮನೆಯಲ್ಲಿ ಎರಡು ಫೋನಿದ್ದರೂ ಈ ಪ್ರಶ್ನೆಯನ್ನು ನೀವೇ ಕೇಳಿ. ಇಲ್ಲದವರಿಗೆ ಕೇಳಲು ಸಂಕೋಚವಿರುತ್ತದೆ.

ಐದು: "ನನ್ನ ಮಗುವಿನ ಹೆಸರು, ಫೋಟೋ, ಫೋನ್ ನಂಬರು ಯಾರ ಕೈಗೆ ಹೋಗುತ್ತೆ?" ಕಂಪನಿಯೊಂದರ ಆಪ್ ಹಾಕಿಸಿದರೆ ಇವೆಲ್ಲ ಅವರಿಗೆ ತಲುಪಬಹುದು. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದ ಮಕ್ಕಳ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕೆಂಬ ನಿಯಮವಿದೆ. ಸಹಿ ಹಾಕುವ ಮುನ್ನ ಓದಿ, ಓದಲಾಗದಿದ್ದರೆ ಓದಿಸಿ ಕೇಳಿ.

"ನಾವು ಕೇಳಿದರೆ ಅವರು ಕೇಳಿಸಿಕೊಳ್ತಾರಾ?" ಅಂತೀರಾ? ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ನಮ್ಮಲ್ಲಿ ಎಸ್‌ಡಿಎಂಸಿ ಅನ್ನುವುದು ಇದನ್ನೇ. ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದು ಆ ಸಮಿತಿಯ ಕೆಲಸ. ಅಂದರೆ ನಿಮ್ಮ ಕೆಲಸ!

ಈಗ ಪತ್ರಗಳಿಗೆ ಉತ್ತರ. ಬಸವೇಶ್ವರನಗರದ ಸೋದರೀ, ಚೀಟಿ ದುಡ್ಡನ್ನು ಸದ್ಯಕ್ಕೆ ಬ್ಯಾಂಕಿನಲ್ಲಿಡಿ. ಒಬ್ಬರೇ ಹೋಗಬೇಡಿ, ಅದೇ ತರಗತಿಯ ಇನ್ನೂ ಮೂರು ನಾಲ್ಕು ತಾಯಂದಿರನ್ನು ಕೂಡಿಕೊಂಡು ಈ ಐದು ಪ್ರಶ್ನೆ ಕೇಳಿ. ಉತ್ತರ ತೃಪ್ತಿಯಾದರೆ, "ಟ್ಯಾಬನ್ನು ಪ್ರತಿ ಮನೆಯೂ ಕೊಳ್ಳುವ ಬದಲು ಶಾಲೆಯಲ್ಲೇ ಹತ್ತು ಹದಿನೈದು ಇಟ್ಟು ಸರದಿಯಲ್ಲಿ ಕೊಡಬಾರದೇ?" ಎಂದು ಸೂಚಿಸಿ. ಮೂರನೇ ತರಗತಿಯ ಮಗುವಿಗೆ ಸ್ವಂತ ಟ್ಯಾಬು ಇಲ್ಲದಿದ್ದರೆ ವಿದ್ಯೆಯೇನೂ ನಿಲ್ಲುವುದಿಲ್ಲ. ತಂತ್ರಜ್ಞಾನ ಗುರುವಿನ ಜೊತೆಗಿರಬೇಕು, ಗುರುವಿನ ಜಾಗದಲ್ಲಲ್ಲ ಎಂದು ಯುನೆಸ್ಕೋದ 2023ರ ವರದಿಯೂ ಹೇಳಿದೆ. ಎಸ್ಸೆಸ್ಸೆಲ್ಸಿ ಓದಿದ್ದೇನೆಂಬ ಕೀಳರಿಮೆ ಬೇಡ. ಎರಡು ವರ್ಷ ಮನೆಖರ್ಚಿನಲ್ಲಿ ಉಳಿಸಿ ಚೀಟಿ ಕಟ್ಟಿದವರಿಗೆ ಯೋಜನೆ ಅಂದರೇನೆಂದು ಬೇರೆಯವರು ಹೇಳಿಕೊಡಬೇಕೇ?

ಕೆಂಗೇರಿಯ ಸೋದರೀ, ನಿಮ್ಮ ಶಾಲೆಯ ಟೀವಿಗೆ ಬೇಕಾದ್ದು ಹಾರವಲ್ಲ, ವೇಳಾಪಟ್ಟಿ. ಕೆಟ್ಟರೆ ತಮ್ಮ ತಲೆಗೆ ಬರುತ್ತದೆ ಎಂಬ ಭಯಕ್ಕೆ ಬೀಗ ಹಾಕಿರಬಹುದು, ಮುಖ್ಯೋಪಾಧ್ಯಾಯರನ್ನು ದೂರಬೇಡಿ. ಎಸ್‌ಡಿಎಂಸಿ ಸಭೆಯಲ್ಲಿ ಮೂರು ತೀರ್ಮಾನ ಬರೆಸಿ: ಕೀಲಿ ಯಾರ ಬಳಿ, ವಾರದಲ್ಲಿ ಯಾವ ದಿನ ಯಾವ ತರಗತಿಗೆ, ರಿಪೇರಿಗೆ ಯಾವ ಹಣ. ಮೊದಲ ತಿಂಗಳು ವಾರಕ್ಕೆ ಎರಡೇ ಪಾಠ ತೋರಿಸಿದರೂ ಸಾಕು.

ಖರ್ಚಿಲ್ಲದ ಒಂದು ಉಪಾಯ ಎಲ್ಲರಿಗೂ. ನಮ್ಮ ರಾಜ್ಯದ ಪಠ್ಯಪುಸ್ತಕ ತೆರೆದು ನೋಡಿ, ಕಪ್ಪು ಬಿಳುಪಿನ ಚೌಕಾಕಾರದ ಗುರುತುಗಳಿರುತ್ತವೆ. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ 'ದೀಕ್ಷಾ' ಆಪ್ ಮೂಲಕ ಅದಕ್ಕೆ ಫೋನು ಹಿಡಿದರೆ ಆ ಪಾಠಕ್ಕೆ ಸಂಬಂಧಿಸಿದ್ದು ತೆರೆದುಕೊಳ್ಳುತ್ತದೆ. ರಾತ್ರಿ ಊಟಕ್ಕೆ ಮುಂಚೆ ಹತ್ತು ನಿಮಿಷ ಮಗುವಿನ ಪಕ್ಕದಲ್ಲೇ ಕೂತು ನೋಡಿ. ಆಮೇಲೆ ಫೋನು ಮುಚ್ಚಿಟ್ಟು, "ಏನು ನೋಡಿದೆ, ಅಮ್ಮನಿಗೆ ಹೇಳು ಕಂದಾ" ಅನ್ನಿ. ನೋಡಿದ್ದನ್ನು ತನ್ನ ಮಾತಿನಲ್ಲಿ ಹೇಳಿದಾಗಲೇ ಅದು ಮಗುವಿನ ಸ್ವಂತದ್ದಾಗುವುದು. ಎದುರಿಗೆ ಕೂತು ಕೇಳುವ ಕೆಲಸ ನಮ್ಮದೇ, ಅದನ್ನು ಯಾವ ಯಂತ್ರಕ್ಕೂ ವಹಿಸುವುದು ಬೇಡ.

ನಿಮ್ಮೂರಿನ ಶಾಲೆಯಲ್ಲಿ ಇದೆಲ್ಲ ಹೇಗೆ ನಡೆದಿದೆ? ಬರೆದು ತಿಳಿಸಿ.